ವಾಟ್ಸಾಪ್ ಗ್ರೂಪ್ ಇದೆ, ಆದರೂ ಪೋಷಕರಿಗೆ ವಿಷಯ ಮುಟ್ಟುತ್ತಿಲ್ಲ: ಪ್ರಾಥಮಿಕ ಶಾಲೆಯವರು ಏನು ಮಾಡ್ತೀರಿ?

ತೋಟದೂರಿನ_ಎಚ್‌ಎಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕ. ಸಕಲೇಶಪುರ ಸೀಮೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 7. ಮಕ್ಕಳು 118. ಕಾಯಂ ಶಿಕ್ಷಕರು ನಾಲ್ವರು, ಅತಿಥಿ ಶಿಕ್ಷಕರು ಒಬ್ಬರು. ಅರ್ಧದಷ್ಟು ಮಕ್ಕಳು ಊರಿನವರು, ಉಳಿದವರು ಕಾಫಿ ತೋಟಗಳ ಲೈನ್ ಮನೆಯವರು (ತೋಟದ ಕೆಲಸಗಾರರ ಸಾಲುಮನೆ). ಲೈನ್‌ನಲ್ಲಿ ತಮಿಳು ಮಾತಾಡುವ ಹಳೇ ಕುಟುಂಬಗಳಿವೆ, ಈಚೆಗೆ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ.

ಪೋಷಕರ ವಾಟ್ಸಾಪ್ ಗ್ರೂಪ್ ಇದೆ. ಬೆಳಗ್ಗೆ ಶುಭೋದಯದ ಹೂವು, ಮಧ್ಯಾಹ್ನ ರಾಜಕೀಯ, ಸಂಜೆ ಯಾರದೋ ಸೈಟ್ ಮಾರಾಟ. ಅದರ ನಡುವೆ ನಾವು ಹಾಕುವ ಇಲಾಖೆಯ ಪಿಡಿಎಫ್ ಯಾರೂ ತೆರೆದು ನೋಡಲ್ಲ. ಗ್ರೂಪ್‌ನಲ್ಲಿರುವ ಎಷ್ಟೋ ನಂಬರ್ ಬೆಂಗಳೂರಲ್ಲಿ ಕೆಲಸ ಮಾಡೋ ಅಪ್ಪಂದಿರದ್ದು. ಮನೆಯಲ್ಲಿ ಮಗು ನೋಡಿಕೊಳ್ಳೋದು ಅಮ್ಮ ಅಥವಾ ಅಜ್ಜಿ, ಅವರ ಕೈಲಿ ಬಟನ್ ಫೋನ್.

ಹೆಚ್ಚು ತೊಂದರೆ ಆಗ್ತಿರೋದು ನಾಲ್ಕು ಕಡೆ. ಸ್ಕಾಲರ್‌ಶಿಪ್‌ಗೆ ದಾಖಲೆ ಕೇಳಿದರೆ ಕೊನೇ ದಿನ ದಾಟಿದ ಮೇಲೆ ಬರುತ್ತೆ. ಮಳೆ ರಜೆ ದಿನ ಕೆಲವು ಮಕ್ಕಳು ನೆನೆದುಕೊಂಡು ಶಾಲೆ ತನಕ ಬಂದುಬಿಡ್ತಾರೆ, ರಜೆ ಇಲ್ಲದ ದಿನ ಸುಳ್ಳು ಮೆಸೇಜ್ ನಂಬಿ ಮನೇಲಿ ಉಳೀತಾರೆ. ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡೋ ದಿನ ಹಾಜರಾತಿ ಬಿದ್ದುಹೋಗುತ್ತೆ. ನಲಿ-ಕಲಿ (1ರಿಂದ 3ನೇ ತರಗತಿಗೆ ಕಾರ್ಡು, ಆಟದ ಮೂಲಕ ಕಲಿಸೋ ಪದ್ಧತಿ) ಮಕ್ಕಳ ತಾಯಂದಿರು 'ಹೋಂವರ್ಕೇ ಕೊಡಲ್ಲ, ಅ ಆ ಇ ಈ ಕೂಡ ಬರಲ್ಲ' ಅಂತ ಬೇಸರ ಮಾಡ್ಕೊಂಡು ಕಾನ್ವೆಂಟ್ ವ್ಯಾನ್ ಕಡೆ ನೋಡ್ತಿದ್ದಾರೆ.

ಪ್ರೈವೇಟ್ ಶಾಲೆ ಥರ ಡೈರಿ ಪ್ರಿಂಟ್ ಹಾಕಿಸಿ ಅಂತ ಒಬ್ಬ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಆ್ಯಪ್ ತಗೊಳ್ಳಿ ಅಂತ ಇನ್ನೊಬ್ಬರು. ಗುಮಾಸ್ತರಿಲ್ಲದ ಶಾಲೆಯಲ್ಲಿ ನಿಜವಾಗಿ ನಡೆಯುವಂಥದ್ದು ಏನು?

—

ಕ್ಲಸ್ಟರ್_ಸುತ್ತಾಟ:

ಸರ್, ಡೈರಿಯೂ ಬೇಡ, ಆ್ಯಪೂ ಬೇಡ. ಡೈರಿ ತುಂಬಿಸೋಕೆ ದಿನಾ ಒಬ್ಬ ಟೀಚರ್‌ಗೆ ಮುಕ್ಕಾಲು ಗಂಟೆ ಬೇಕು, ಬಹುತರಗತಿ ನಡೆಸೋರಿಗೆ ಅದು ಎಲ್ಲಿಂದ ಬರಬೇಕು? ಮೊದಲು ಒಂದು ನೋಟ್‌ಬುಕ್ ತಗೊಳ್ಳಿ.

ಎಸ್‌ಎಟಿಎಸ್‌ನಲ್ಲಿರೋ (ಮಕ್ಕಳ ದಾಖಲೆಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ನಂಬರ್ ದಾಖಲಾತಿ ದಿನ ಯಾರು ಬಂದಿದ್ದರೋ ಅವರದ್ದು. ನಿಮಗೆ ಬೇಕಾದ್ದು ಸಂಜೆ ಮಗುವಿನ ಚೀಲ ಬಿಚ್ಚಿ ನೋಡೋರ ನಂಬರ್. ಮನೆಗೊಂದು ಸಾಲು ಹಾಕಿ. ಮಕ್ಕಳ ಹೆಸರು, ಮನೆಯಲ್ಲಿ ನೋಡಿಕೊಳ್ಳೋರು ಯಾರು, ಅವರಿಗೆ ಯಾವ ಭಾಷೆ ಓದಲು ಬರುತ್ತೆ (ಮಾತಾಡೋದು ಬೇರೆ, ಓದೋದು ಬೇರೆ), ಫೋನ್ ಯಾವ ಥರದ್ದು, ಎಷ್ಟೊತ್ತಿಗೆ ಸಿಗ್ತಾರೆ, ಸಿಗದಿದ್ದರೆ ಪಕ್ಕದ ಮನೆ ನಂಬರ್. ಅಣ್ಣ-ತಂಗಿ ಒಂದೇ ಸಾಲಿನಲ್ಲಿ ಬರಲಿ, ಆಗ 118 ಮಕ್ಕಳು ಎಪ್ಪತ್ತು ಎಂಬತ್ತು ಮನೆಗೆ ಇಳೀತಾರೆ.

ಇದನ್ನ ಜೂನ್ ಮೊದಲ ಎರಡು ವಾರದಲ್ಲಿ ಮುಗಿಸಿ, ದಸರಾ ರಜೆ ಆದ ಮೇಲೆ ಇನ್ನೊಂದು ಸಲ ಪರೀಕ್ಷಿಸಿ. ಬಟನ್ ಫೋನಿನವರು ರೀಚಾರ್ಜ್ ಬಿಟ್ಟರೆ ಸ್ವಲ್ಪ ದಿನದಲ್ಲಿ ಒಳಬರುವ ಕರೆಯೂ ನಿಲ್ಲುತ್ತೆ, ಆಮೇಲೆ ಹೊಸ ಸಿಮ್ ತಗೊಂಡಿರ್ತಾರೆ. ನಂಬರ್ ಹಾಳಾಗೋದು ಹೀಗೇ.

ನೋಟ್‌ಬುಕ್ ತುಂಬಿದ ಮೇಲೆ ಮನೆಗಳು ಮೂರು ಗುಂಪಾಗಿ ಕಾಣ್ತವೆ: ವಾಟ್ಸಾಪ್ ಓದೋರು, ಕರೆ ಮಾತ್ರ ಎತ್ತೋರು, ಎರಡೂ ಇಲ್ಲದೋರು. ಯಾವುದೇ ಸುದ್ದಿ ಕಳಿಸುವಾಗ ಮೂರನೇ ಗುಂಪಿಂದ ಶುರು ಮಾಡಿ. ಅವರಿಗೆ ಮುಟ್ಟೋಕೆ ಎರಡು ದಿನ ಬೇಕು, ವಾಟ್ಸಾಪ್‌ನವರಿಗೆ ಎರಡು ನಿಮಿಷ ಸಾಕು. ಬಹಳ ಶಾಲೆಗಳಲ್ಲಿ ಇದು ಉಲ್ಟಾ ನಡೆಯುತ್ತೆ, ಗ್ರೂಪ್‌ಗೆ ಹಾಕಿದ ಕೂಡಲೇ ಕೆಲಸ ಮುಗೀತು ಅಂದ್ಕೊಳ್ತಾರೆ.

ಈಗಿರೋ ಗ್ರೂಪನ್ನ ಮುಚ್ಚಬೇಡಿ, ಜಗಳ ಆಗುತ್ತೆ. ಗ್ರೂಪ್ ಹೆಸರಿನ ಮೇಲೆ ಒತ್ತಿ, ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ, ಮೆಸೇಜ್ ಕಳಿಸೋದು ಅಡ್ಮಿನ್‌ಗಳಿಗೆ ಮಾತ್ರ ಅಂತ ಮಾಡಿ. ಅಡ್ಮಿನ್ ಇಬ್ಬರು ಇರಲಿ, ನಿಮ್ಮ ಫೋನ್ ನೀರಿಗೆ ಬಿದ್ದ ದಿನ ಇನ್ನೊಬ್ಬರು ಬೇಕು. ಹರಟೆ ಬೇಕಾದವರು ಬೇರೆ ಗ್ರೂಪ್ ಮಾಡಿಕೊಳ್ಳಲಿ, ಅದರಲ್ಲಿ ಶಿಕ್ಷಕರು ಇರಬೇಕಾಗಿಲ್ಲ.

ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೇದು ಅಂತ ಯಾರಾದ್ರೂ ಹೇಳಬಹುದು. ನಿಮ್ಮ ನಂಬರನ್ನ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತೆ, ಉಳಿದವರಿಗೆ ಹೋಗಿಲ್ಲ ಅನ್ನೋದು ನಿಮಗೆ ಗೊತ್ತೂ ಆಗಲ್ಲ. ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ. ಶಾಲೆಗೆ ಗ್ರೂಪೇ ಸರಿ. ಕಳಿಸಿದ ಮೆಸೇಜನ್ನ ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರು ಓದಿದ್ದಾರೆ, ಯಾರು ಓದಿಲ್ಲ ಎಲ್ಲಾ ಸಿಗುತ್ತೆ. ನೀಲಿ ಟಿಕ್ ಆಫ್ ಮಾಡಿಕೊಂಡವರದ್ದೂ ಗ್ರೂಪ್‌ನಲ್ಲಿ ಕಾಣುತ್ತೆ. ಮರುದಿನ ಸಂಜೆ ಓದದವರಿಗೆ ಮಾತ್ರ ಕರೆ ಮಾಡಿ.

ಇನ್ನು ಪಿಡಿಎಫ್ ವಿಷಯ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಸುತ್ತೋಲೆಯನ್ವಯ' ಅಂತ ಶುರುವಾಗೋ ಕಾಗದ ನಿಮಗೆ ಬಂದದ್ದು, ಪೋಷಕರಿಗಲ್ಲ. ಅದನ್ನ ಹಾಗೇ ದಾಟಿಸಬೇಡಿ. ಜಂತುಹುಳು ಮಾತ್ರೆಗೆ ಇಷ್ಟು ಬರೆದರೆ ಸಾಕು:

'ಆಗಸ್ಟ್ 10, ಸೋಮವಾರ ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡ್ತೀವಿ. ಬಿಸಿಯೂಟ ಆದ ಮೇಲೆ, ಟೀಚರ್ ಎದುರೇ ಅಗಿದು ತಿನ್ನಬೇಕು. ಅವತ್ತು ಮಗುವಿಗೆ ಜ್ವರ ಇದ್ದರೆ ಅಥವಾ ಬೇರೆ ಔಷಧಿ ನಡೀತಿದ್ದರೆ ಮೊದಲೇ ಹೇಳಿ, ಅವತ್ತು ಕೊಡಲ್ಲ. ಹೊಟ್ಟೆಯಲ್ಲಿ ಹುಳು ಇರೋ ಕೆಲವು ಮಕ್ಕಳಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಸ್ವಲ್ಪ ಹೊತ್ತಲ್ಲಿ ಹೋಗುತ್ತೆ. ತಪ್ಪಿದವರಿಗೆ ಇನ್ನೊಂದು ದಿನ ಕೊಡ್ತೀವಿ. ಕೇಳೋದಿದ್ದರೆ ಕ್ಲಾಸ್ ಟೀಚರ್‌ಗೆ ಸಂಜೆ 4.30ರಿಂದ 5.30ರೊಳಗೆ ಫೋನ್ ಮಾಡಿ.'

ಒಂದು ಮೆಸೇಜ್‌ಗೆ ಒಂದೇ ವಿಷಯ. ದಿನಾಂಕ ಮತ್ತು ವಾರ ಎರಡೂ ಮೊದಲ ಸಾಲಲ್ಲೇ ಇರಲಿ. ಇದನ್ನೇ ಓದಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕೆಳಗೆ ಹಾಕಿ, ಓದಲು ಬರದ ಅಮ್ಮಂದಿರು ಅದನ್ನೇ ಕೇಳೋದು.

ಹೊಟ್ಟೆನೋವಿನ ಸಾಲನ್ನ ಹೆದರಿ ಬಿಡಬೇಡಿ. ಮೊದಲೇ ಹೇಳದಿದ್ದರೆ ಮಧ್ಯಾಹ್ನ ಒಂದು ಮಗು ವಾಂತಿ ಮಾಡಿಕೊಂಡದ್ದು ಸಂಜೆಗೆ 'ಮಾತ್ರೆ ತಿಂದು ಮಕ್ಕಳು ಆಸ್ಪತ್ರೆಗೆ' ಅಂತ ಆಗಿರುತ್ತೆ. ನಿಮ್ಮಲ್ಲಿ ಹಾಜರಾತಿ ಬೀಳೋದು ಬಹುಶಃ ಇದರಿಂದಲೇ. ವಾರಕ್ಕೊಮ್ಮೆ ಕೊಡೋ ಕಬ್ಬಿಣಾಂಶದ ಮಾತ್ರೆಗೂ ಹೀಗೇ. 5ನೇ ತರಗತಿವರೆಗೆ ಗುಲಾಬಿ ಬಣ್ಣದ್ದು, 6ರಿಂದ ನೀಲಿ ಬಣ್ಣದ್ದು, ಖಾಲಿ ಹೊಟ್ಟೇಲಿ ಕೊಡಲ್ಲ, ಮಲ ಕಪ್ಪಗೆ ಹೋದರೆ ಗಾಬರಿ ಬೇಡ ಅಂತ ವರ್ಷದ ಶುರುವಲ್ಲೇ ಹೇಳಿಬಿಡಿ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಬಣ್ಣದ ಮಾತ್ರೆ ಯಾಕೆ ಅನ್ನೋ ಅನುಮಾನವೂ ಅಲ್ಲೇ ತೀರುತ್ತೆ.

—

ಚೀಟಿ_ಟೀಚರ್:

ಮೇಲಿನವರು ಹೇಳಿದ ಮೂರನೇ ಗುಂಪಿಗೆ ಕಾಗದದ ಚೀಟಿಯೇ ಗತಿ. ಚೀಟಿ ಕಳೆದುಹೋಗುತ್ತೆ ಅಂತ ಎಲ್ಲರೂ ದೂರ್ತಾರೆ. ಕಳೆದುಹೋಗೋಕೆ ಕಾರಣ ನಾವು ಕೊಡೋ ರೀತಿ.

ಎ4 ಹಾಳೆಯನ್ನ ನಾಲ್ಕು ಮಾಡಿ. ಒಂದು ತುಂಡಲ್ಲಿ ದೊಡ್ಡ ಅಕ್ಷರದಲ್ಲಿ ಎಂಟು ಸಾಲು ಹಿಡಿಸುತ್ತೆ, ಅದಕ್ಕಿಂತ ಜಾಸ್ತಿ ವಿಷಯ ಇದ್ದರೆ ನೀವು ಒಂದಕ್ಕಿಂತ ಹೆಚ್ಚು ಹೇಳೋಕೆ ಹೊರಟಿದ್ದೀರಿ ಅಂತ ಅರ್ಥ. ಮಗುವಿಗೊಂದು ಬೇಡ, ಮನೆಗೊಂದು ಸಾಕು, ಆ ಮನೆಯ ದೊಡ್ಡ ಮಗುವಿನ ಕೈಗೆ ಕೊಡಿ. ಎಂಬತ್ತು ಮನೆ ಅಂದರೆ 20 ಹಾಳೆ ಜೆರಾಕ್ಸ್. 6-7ನೇ ತರಗತಿ ಮಕ್ಕಳಿಗೆ ಚೀಟಿ ಕೊಡೋ ಮೊದಲು ಒಂದು ಸಲ ಗಟ್ಟಿಯಾಗಿ ಓದಿಸಿ. ಮನೆಗೆ ಹೋಗಿ ಅಜ್ಜಿಗೆ ಓದಿ ಹೇಳೋದು ಆ ಮಗುವೇ, 'ದೃಢೀಕರಣ' ಅನ್ನೋ ಪದದಲ್ಲಿ ಅದು ಎಡವಿದರೆ ಅಜ್ಜಿಗೆ ವಿಷಯ ಮುಟ್ಟಲಿಲ್ಲ. ಎಡವಿದ ಪದ ಬದಲಾಯಿಸಿ. 1-2ನೇ ತರಗತಿಯ ಒಂಟಿ ಮಕ್ಕಳಿಗೆ ಮಾತ್ರ ಚೀಟಿಯನ್ನ ನೋಟ್‌ಬುಕ್ ರಟ್ಟಿಗೆ ಪಿನ್ ಹೊಡೆದು ಕೊಡಬೇಕು.

ವಾರ ನಿಗದಿ ಇರಲಿ. ಬುಧವಾರ ಒಳ್ಳೇದು. ಶನಿವಾರ ಕೊಟ್ಟರೆ ಭಾನುವಾರ ಚೀಲ ಮೂಲೆ ಸೇರಿರುತ್ತೆ, ಸೋಮವಾರ ಬೆಳಗ್ಗೆ ಅವಸರದಲ್ಲಿ ಸಿಗಲ್ಲ. ಬುಧವಾರ ಕೊಟ್ಟರೆ ಗುರುವಾರ, ಶುಕ್ರವಾರ ಕೇಳಿ ವಸೂಲಿ ಮಾಡಬಹುದು. ಸುದ್ದಿ ಇಲ್ಲದ ಬುಧವಾರ ಚೀಟಿ ಬೇಡ, ಆದರೆ ಬೇರೆ ದಿನ ಚೀಟಿ ಕೊಡೋ ಅಭ್ಯಾಸ ಮಾಡಬೇಡಿ. ಬುಧವಾರ ಚೀಲ ನೋಡಬೇಕು ಅನ್ನೋದು ಮನೆಗಳಿಗೆ ರೂಢಿ ಆದರೆ ಅರ್ಧ ಕೆಲಸ ಆದ ಹಾಗೆ.

ಉತ್ತರ ಬೇಕಾದ ಚೀಟಿಗೆ ಕೆಳಗೆ ಕತ್ತರಿಸೋ ಗೆರೆ ಹಾಕಿ, ಸಹಿ ಅಥವಾ ಹೆಬ್ಬೆಟ್ಟು. ಬಿಸಿಯೂಟದಲ್ಲಿ ಮೊಟ್ಟೆ ತಿನ್ನಿಸೋದೋ ಬಾಳೆಹಣ್ಣು ಕೊಡೋದೋ ಅನ್ನೋದನ್ನ ಜೂನ್‌ನಲ್ಲಿ ಹೀಗೆ ಒಂದೇ ಸಲ ಬರೆಸಿ ಇಟ್ಟುಕೊಳ್ಳಿ. ಶ್ರಾವಣ, ವ್ರತ, ಮಾಲೆ ಅಂತ ನಡುವೆ ಬದಲಾಗೋ ಮನೆಗಳಿರುತ್ತೆ, 'ಬದಲಾದರೆ ಅಡುಗೆಯವರಿಗೆ ಅಲ್ಲ, ಕ್ಲಾಸ್ ಟೀಚರ್‌ಗೆ ಹೇಳಿ' ಅಂತ ಅದರಲ್ಲೇ ಬರೆದುಬಿಡಿ.

ಇನ್ನು ನಿಮ್ಮದು ತೋಟದ ಸೀಮೆ. ಬೆಳಗ್ಗೆ ಕೆಲಸದವರು ಮಸ್ಟರಿಗೆ (ಹಾಜರಿ ಕೊಡೋ ಜಾಗಕ್ಕೆ) ಸೇರ್ತಾರಲ್ಲ, ಅಲ್ಲಿ ತೋಟದ ಲೆಕ್ಕ ಬರೆಯೋ ರೈಟರು ಹೆಸರು ಕೂಗೋ ಹೊತ್ತಿಗೆ ಎಲ್ಲಾ ತಂದೆತಾಯಿ ಒಂದೇ ಕಡೆ ನಿಂತಿರ್ತಾರೆ. ಇದಕ್ಕಿಂತ ಒಳ್ಳೇ ಸಭೆ ನಿಮಗೆ ಸಿಗಲ್ಲ. ಪ್ರತಿ ತೋಟದ ರೈಟರಿಗೆ ಎರಡು ಸಾಲಿನ ಮೆಸೇಜ್ ಹಿಂದಿನ ದಿನ ಸಂಜೆ ಹೋಗಲಿ, ಮಸ್ಟರಲ್ಲಿ ಕೂಗಿ ಹೇಳಲಿ. ಆದರೆ ಎಲ್ಲರಿಗೂ ಅನ್ವಯಿಸೋ ಸುದ್ದಿ ಮಾತ್ರ. ಒಂದು ಮನೆಯ ವಿಷಯ, ಒಂದು ಮಗುವಿನ ಗೈರುಹಾಜರಿ ರೈಟರ ಬಾಯಿಂದ ಬರಬಾರದು. ಅವರು ಆ ಅಪ್ಪ-ಅಮ್ಮನಿಗೆ ಕೂಲಿ ಬರೆಯೋರು, ಮಗು ಯಾಕೆ ಶಾಲೆಗೆ ಹೋಗಿಲ್ಲ ಅಂತ ಅವರ ಹತ್ತಿರ ಕೇಳಿಸಿದರೆ ಮನೆಯವರು ಶಾಲೆ ಮೇಲೆ ಮುನಿಸಿಕೊಳ್ತಾರೆ. ಊರಿನವರಿಗೆ ಹಾಲಿನ ಡೈರಿ. ಬೆಳಗ್ಗೆ ಸಂಜೆ ಎರಡು ಹೊತ್ತೂ ಜನ ಕ್ಯಾನ್ ಹಿಡಿದು ನಿಂತಿರ್ತಾರೆ, ಬೋರ್ಡ್ ಮೇಲೆ ಒಂದು ಹಾಳೆ ಅಂಟಿಸಿ, ಹಳೇದನ್ನ ಕಿತ್ತುಹಾಕೋದು ಮರೀಬೇಡಿ. ಹಳೇ ನೋಟಿಸ್ ಇರೋ ಬೋರ್ಡನ್ನ ಯಾರೂ ಓದಲ್ಲ.

ಸಭೆ ಕರೆಯೋದಾದರೆ ನವೆಂಬರ್‌ನಿಂದ ಮಾರ್ಚ್ ತನಕ ತೋಟದವರು ಬರ್ತಾರೆ ಅಂತ ಲೆಕ್ಕ ಹಾಕಬೇಡಿ. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕೊಯ್ಲು. ಕೆ.ಜಿ. ಲೆಕ್ಕದ ಕೂಲಿ ಬಿಟ್ಟು ಯಾರು ಬರ್ತಾರೆ? ತೋಟಕ್ಕೆ ರಜೆ ಇರೋ ಸಂತೆ ದಿನ ಸಂತೆ ಮುಗಿದ ಮೇಲಿನ ಹೊತ್ತು ಇಟ್ಟರೆ ಉಂಟು.

—

ರಗಸದ_ಅ:

ನಲಿ-ಕಲಿ ಬಗ್ಗೆ ಮಾತ್ರ ಬರೀತೀನಿ. ನಿಮ್ಮ ಉಳಿದ ಮೂರು ತೊಂದರೆಗೆ ಕಾರಣ ಸುದ್ದಿ ಮುಟ್ಟದೇ ಇರೋದು. ಇಲ್ಲಿ ಹಾಗಲ್ಲ, ತಾಯಂದಿರು ನೋಡ್ತಾ ಇದ್ದಾರೆ, ನೋಡಿದ್ದು ಅರ್ಥ ಆಗ್ತಿಲ್ಲ. ಮೆಸೇಜ್ ಹಾಕಿ ಇದನ್ನ ಸರಿಮಾಡೋಕೆ ಆಗಲ್ಲ, ಕರೆದು ತೋರಿಸಬೇಕು.

ಅವರು ಕಲಿತದ್ದು ಅ ಆ ಇ ಈ ಕ್ರಮದಲ್ಲಿ. ನಲಿ-ಕಲಿ ಶುರುವಾಗೋದು ರ, ಗ, ಸ, ದ, ಅ ಇಂದ, ಆಮೇಲೆ ಜ, ವ, ಮ, ಬ, ನ. ಮಗು ಮನೆಗೆ ಬಂದು 'ರ ಗ ಸ ದ' ಅಂದರೆ ಅಮ್ಮನಿಗೆ ಇದೇನು ಮೇಷ್ಟ್ರು ತಲೆಕೆಳಗು ಕಲಿಸ್ತಾರೆ ಅನಿಸೋದು ಸಹಜ. ಜುಲೈನಲ್ಲಿ ಒಂದು ಸಲ ಅವರನ್ನ ತರಗತಿಗೆ ಕರೆಸಿ. ಐದು ಅಕ್ಷರದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ನೆಲದ ಮೇಲೆ ಇಡಿ. ಭಾಷಣ ಬೇಡ, ಮಕ್ಕಳ ಕೈಲೇ ಜೋಡಿಸಿ: ಸರ, ರಸ, ದರ, ಅರಸ, ಅಗಸ, ಗರಗಸ. ಆಮೇಲೆ ತಾಯಂದಿರಿಗೆ ಅ, ಆ, ಇ, ಈ, ಉ ಕೊಟ್ಟು ಇದರಲ್ಲಿ ಎಷ್ಟು ಪದ ಆಗುತ್ತೆ ನೋಡಿ ಅನ್ನಿ. ಯಾಕೆ ಹೀಗೆ ಅಂತ ಮತ್ತೆ ವಿವರಿಸಬೇಕಾಗಿಲ್ಲ.

ಅದೇ ದಿನ ಇನ್ನೆರಡು ತೋರಿಸಿ. ಒಂದು, ಗೋಡೆ ಮೇಲಿನ ಪ್ರಗತಿ ನೋಟ. ತನ್ನ ಮಗು ಕಲಿಕಾ ಏಣಿಯಲ್ಲಿ (ಕಲಿಯಬೇಕಾದ ಮೆಟ್ಟಿಲುಗಳ ಸಾಲಿನಲ್ಲಿ) ಎಲ್ಲಿದೆ ಅಂತ ಮಗುವೇ ತೋರಿಸಲಿ. ಪಕ್ಕದ ಮನೆ ಮಗು ಎರಡು ಮೆಟ್ಟಿಲು ಮುಂದಿರೋದು ಕಂಡೇ ಕಾಣುತ್ತೆ, ಅದಕ್ಕೆ ಮೊದಲೇ ಹೇಳಿ: ಪ್ರತಿ ಮಗು ತನ್ನ ವೇಗದಲ್ಲಿ ಹೋಗುತ್ತೆ, ಗೈರಾದ ಮಗು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಶುರು ಮಾಡುತ್ತೆ, ಯಾವುದೂ ಹಾರಿಹೋಗಲ್ಲ. ಎರಡನೇದು, ತಟ್ಟೆಗಳು, ಅಂದರೆ ಮಕ್ಕಳು ಕೂತು ಕಲಿಯೋ ಗುಂಪುಗಳು. ಟೀಚರ್ ಒಂದು ಗುಂಪಿನ ಜೊತೆ ಮಾತ್ರ ಕೂತಿದ್ದಾರೆ, ಉಳಿದವರು ಸುಮ್ಮನೆ ಆಡ್ತಿದ್ದಾರೆ ಅಂತ ಕಿಟಕಿಯಿಂದ ನೋಡಿದವರಿಗೆ ಅನಿಸುತ್ತೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಮುಂದಿನದಕ್ಕೆ ಸ್ವಲ್ಪ ಸಹಾಯ, ಆಮೇಲಿನವು ಗೆಳೆಯರ ಸಹಾಯದ್ದು, ಕೊನೇದು ತಾನೇ ಕಲಿಯೋದು. ಒಂದೇ ವಾಕ್ಯ ಸಾಕು.

ಹೋಂವರ್ಕ್ ಪ್ರಶ್ನೆಗೆ 'ನಲಿ-ಕಲಿಯಲ್ಲಿ ಹೋಂವರ್ಕ್ ಇಲ್ಲ' ಅಂತ ಹೇಳಿ ಬಾಯಿ ಮುಚ್ಚಿಸಬೇಡಿ. ಅವರು ಕೇಳ್ತಿರೋದು ನಾನೇನು ಮಾಡಲಿ ಅಂತ. ದಿನಕ್ಕೆ ಹತ್ತು ನಿಮಿಷದ ಕೆಲಸ ಕೊಡಿ, ಓದು ಬರದ ತಾಯಿಗೂ ಆಗುವಂಥದ್ದು: ಇವತ್ತು ಯಾವ ಕಾರ್ಡು ಮಾಡಿದೆ ಅಂತ ಕೇಳೋದು, ಕಲಿತ ಹಾಡು ಹೇಳಿಸೋದು, ಕಾಳು ಎಣಿಸಿ ಹತ್ತರ ಗುಡ್ಡೆ ಮಾಡಿಸೋದು, ಬಿಸ್ಕತ್ ಪೊಟ್ಟಣದ ಮೇಲೆ ಗೊತ್ತಿರೋ ಅಕ್ಷರ ಹುಡುಕಿಸೋದು. ಓದು ಬರೋ ಮನೆಯಲ್ಲಿ ಒಂದು ತೊಂದರೆ ಇದೆ, ಅವರು ರಾತ್ರಿ ಕೂರಿಸಿ ಅ ಆ ಇ ಈ ಬರೆಸಿ ಹೊಡೀತಾರೆ. ಹಾಗೆ ಬೇಡ ಅಂತ ಮುಖಾಮುಖಿ ಹೇಳಿ, ಗ್ರೂಪ್‌ನಲ್ಲಿ ಬರೆದರೆ ಯಾರಿಗೋ ಚುಚ್ಚಿದ ಹಾಗಿರುತ್ತೆ.

4ನೇ ತರಗತಿಗೆ ಹೋಗುವಾಗ ಇನ್ನೊಂದು ಆಘಾತ ಇದೆ. ಕಾರ್ಡು ಹೋಗಿ ಪಠ್ಯಪುಸ್ತಕ, ತಟ್ಟೆ ಹೋಗಿ ಸಾಲು ಬೆಂಚು. 3ನೇ ತರಗತಿಯ ಕೊನೆಯ ಸಮುದಾಯದತ್ತ ಶಾಲೆ (ಪೋಷಕರನ್ನ ಕರೆದು ಮಕ್ಕಳ ಕಲಿಕೆ ತೋರಿಸೋ) ಕಾರ್ಯಕ್ರಮದಲ್ಲೇ ಆ ಪುಸ್ತಕ ಕೈಗೆ ಕೊಟ್ಟು ತೋರಿಸಿ. ಎಫ್‌ಎ (ನಡುನಡುವೆ ಮಾಡೋ ರೂಪಣಾತ್ಮಕ ಮೌಲ್ಯಮಾಪನ) ನಾಲ್ಕು, ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಎರಡು ಅನ್ನೋದನ್ನೂ ಆಗಲೇ ಹೇಳಿ. ಶ್ರೇಣಿ ಮಾತ್ರ ಬರೆದ ಪ್ರಗತಿ ಪತ್ರ ಮನೆಗೆ ಹೋದರೆ 'ಬಿ ಪ್ಲಸ್ ಅಂದರೆ ಪಾಸೋ ಫೇಲೋ' ಅನ್ನೋದಷ್ಟೇ ಅವರ ಪ್ರಶ್ನೆ. ಪತ್ರದ ಹಿಂದೆ ಪೆನ್ನಲ್ಲಿ ಒಂದು ಸಾಲು ಬರೆಯಿರಿ, 'ಒತ್ತಕ್ಷರ ಬರುತ್ತೆ, ದಶಕ ಕಳೆಯೋದು ಇನ್ನೂ ತಡವರಿಸ್ತಾನೆ' ಅಂತ. ಅದನ್ನ ಅವರು ಬೀರುವಲ್ಲಿ ಇಟ್ಟುಕೊಳ್ತಾರೆ.

—

ಕಲಬುರಗಿ_ಮಾಸ್ತರ್:

ಸರ, ನಮ್ಮ ಕಡಿ ಸುಗ್ಗಿ ಮುಗದ ಮ್ಯಾಲ ಅವ್ವ-ಅಪ್ಪ ಇಬ್ಬರೂ ಬೆಂಗಳೂರು, ಪುಣೆ ಕಡಿ ದುಡ್ಯಾಕ ಹೋಗತಾರ, ಮನ್ಯಾಗ ಆಯಿ-ಮುತ್ಯಾ ಅಷ್ಟ. ನಿಮ್ಮಲ್ಲೂ ಅಪ್ಪಂದಿರು ಹೊರಗ ಅದಾರ ಅಂದ್ರಿ, ಅದಕ್ಕ ಒಂದ ಮಾತು. ಊರಾಗ ಇಲ್ಲದ ಅಪ್ಪನ್ನ ಗ್ರೂಪಿನಿಂದ ತಗೀಬ್ಯಾಡ್ರಿ. ಆಂವ ದಿನಾ ರಾತ್ರಿ ಮನಿಗೆ ಫೋನ್ ಮಾಡೇ ಮಾಡತಾನ, 'ಸಾಲ್ಯಾಗ ಹಿಂಗ ಅಂದಾರಲ್ಲ, ಕಾಗದ ಕೊಟ್ಟಿ ಏನು' ಅಂತ ಆಂವ ಕೇಳಿದ್ರ ಮನ್ಯಾಗ ಕೆಲಸ ಆಗತದ. ಆದ್ರ ಮೆಸೇಜ್ ಸಂಜಿ ಏಳರ ಒಳಗ ಹೋಗಬೇಕು, ಒಂಬತ್ತಕ್ಕ ಹಾಕಿದ್ರ ಆಂವ ಫೋನ್ ಮಾಡಿ ಮುಗಿಸಿರತಾನ.

ಮಗು ಬರಲಿಲ್ಲ ಅಂದ್ರ ಅವತ್ತೇ ಪ್ರಾರ್ಥನಾ ಮುಗಿದ ಅರ್ಧ ತಾಸಿನ್ಯಾಗ ಫೋನ್ ಹೋಗಬೇಕ್ರಿ. 'ಯಾಕ ಕಳಿಸಿಲ್ಲ' ಅನಬ್ಯಾಡ್ರಿ, 'ಆರಾಮ ಅದಾನೇನು' ಅಂತ ಶುರು ಮಾಡ್ರಿ. ನಾಕ ದಿನ ಬಿಟ್ಟು ಕೇಳಿದ್ರ ಮಗು ಆಗಲೇ ಅಪ್ಪನ ಸಂಗಡ ಬಸ್ ಹತ್ತಿರತದ.

—

ಯುನಿಕೋಡ್_ಅಣ್ಣ:

ಮಳೆ ರಜೆ ಮತ್ತು ಎಸ್‌ಎಂಎಸ್ ಬಗ್ಗೆ.

ರಜೆ ಆದೇಶ ಡಿಸಿ ಕಚೇರಿಯಿಂದ ಬರೋದು, ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ. ಸುಳ್ಳು ಮೆಸೇಜ್ ಅನ್ನೋದರಲ್ಲಿ ಬಹುಪಾಲು ನಿಜವಾದ ಹಳೇ ಆದೇಶವೇ, ಹೋದ ವರ್ಷದ್ದು ಅಥವಾ ಪಕ್ಕದ ತಾಲ್ಲೂಕಿನದ್ದು. ಮೂರು ಕಡೆ ನೋಡೋಕೆ ಪೋಷಕರಿಗೆ ಕಲಿಸಿ: ದಿನಾಂಕ, ತಾಲ್ಲೂಕುಗಳ ಹೆಸರು, ಮತ್ತು ಅಂಗನವಾಡಿಯಿಂದ ಎಲ್ಲಿವರೆಗೆ ಅನ್ವಯ ಅನ್ನೋ ಸಾಲು. ಪದವಿ ಪೂರ್ವ ಕಾಲೇಜಿಗೆ ರಜೆ ಇಲ್ಲ, ಪ್ರಾಥಮಿಕಕ್ಕೆ ಇದೆ ಅನ್ನೋ ಆದೇಶಗಳೂ ಬರ್ತವೆ.

ನಿಮ್ಮ ಮೆಸೇಜ್‌ನಲ್ಲಿ 'ನಾಳೆ', 'ಇವತ್ತು' ಅನ್ನೋ ಪದ ಯಾವತ್ತೂ ಬೇಡ. ಬುಧವಾರ ನೀವು 'ನಾಳೆ ರಜೆ' ಅಂತ ಬರೆದದ್ದನ್ನ ಯಾರೋ ಗುರುವಾರ ಫಾರ್ವರ್ಡ್ ಮಾಡಿದರೆ ಶುಕ್ರವಾರವೂ ರಜೆ ಆಗಿಹೋಗುತ್ತೆ. 'ಜುಲೈ 16, ಗುರುವಾರ ನಮ್ಮ ಶಾಲೆಗೆ ರಜೆ. ಶುಕ್ರವಾರ ಶಾಲೆ ಇದೆ' ಅಂತ ಬರೆಯಿರಿ.

ಜೂನ್‌ನಲ್ಲೇ ಒಂದು ನಿಯಮ ಹೇಳಿಬಿಡಿ: ಎಚ್‌ಎಂ ನಂಬರಿನಿಂದ ಬೆಳಗ್ಗೆ 7ರೊಳಗೆ ರಜೆ ಅಂತ ಬರದಿದ್ದರೆ ಶಾಲೆ ಇದೆ. ಬೇರೆ ಯಾರು ಏನೇ ಕಳಿಸಲಿ. ಆದರೆ ಮಲೆನಾಡಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ, ಈ ನಿಯಮ ಕೈಕೊಡೋದು ಸರಿಯಾಗಿ ಆ ದಿನವೇ. ಅದಕ್ಕೆ ಎರಡನೇ ಸಾಲು: ಫೋನ್ ಸಿಗದೆ, ಹಳ್ಳ ತುಂಬಿ ಹರೀತಿದ್ದರೆ ಮಗುವನ್ನ ಕಳಿಸಬೇಡಿ, ಗೈರು ಅಂತ ಯಾರೂ ಕೇಳಲ್ಲ. ಇದನ್ನ ಬಾಯಿಮಾತಲ್ಲಿ ಬಿಡದೆ ಚೀಟಿಯಲ್ಲಿ ಬರೆದು ಕೊಡಿ. ಹಾಜರಾತಿ ಕಮ್ಮಿ ಆಗುತ್ತೆ ಅನ್ನೋ ಹೆದರಿಕೆ ಅರ್ಥ ಆಗುತ್ತೆ, ಆದರೆ ಕಾಲುಸಂಕ ದಾಟಿ ಬರೋ ಒಂದನೇ ತರಗತಿ ಮಗು ಮುಖ್ಯ.

ಎಸ್‌ಎಂಎಸ್: ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಉದ್ದ ಆಗಿ ತುಂಡಾದರೆ ಒಂದೊಂದು ತುಂಡಿಗೆ 67. ಅದೂ ಕಣ್ಣಿಗೆ ಕಾಣೋ ಅಕ್ಷರದ ಲೆಕ್ಕ ಅಲ್ಲ. 'ಶಿಕ್ಷಕರು' ನೋಡೋಕೆ ನಾಲ್ಕು ಅಕ್ಷರ, ಫೋನಿನ ಲೆಕ್ಕದಲ್ಲಿ ಎಂಟು, ಯಾಕಂದ್ರೆ ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಎಣಿಕೆ. '16 ಗುರುವಾರ ಶಾಲೆಗೆ ರಜೆ' ಅನ್ನೋದು 21. ಒಂದೇ ಎಸ್‌ಎಂಎಸ್‌ಗೆ ಆರಾಮಾಗಿ ಹಿಡಿಯುತ್ತೆ. 'ಸಮಸ್ತ ಪೋಷಕ ಬಂಧುಗಳಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅಂತ ಶುರು ಮಾಡಿದರೆ ವಿಷಯ ಬರೋ ಮೊದಲೇ ಅರ್ಧಕ್ಕಿಂತ ಹೆಚ್ಚು ಜಾಗ ಹೋಗಿರುತ್ತೆ. ಬಹಳ ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಎಸ್‌ಎಂಎಸ್ ಇರುತ್ತೆ, ತುಂಡಾದರೆ ಒಂದೊಂದು ತುಂಡೂ ಲೆಕ್ಕಕ್ಕೆ. ಎಂಬತ್ತು ಮನೆಗೆ ಒಂದೊಂದು ಸಣ್ಣ ಎಸ್‌ಎಂಎಸ್ ನಿಮ್ಮ ಫೋನಿಂದಲೇ ಆಗುತ್ತೆ. ಬಲ್ಕ್ ಎಸ್‌ಎಂಎಸ್ ಬೇಕಂದ್ರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಿಎಲ್‌ಟಿ ಅನ್ನೋ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆ, ಕಳಿಸೋರ ಹೆಸರು, ಮೆಸೇಜಿನ ಟೆಂಪ್ಲೇಟ್ ಎಲ್ಲಾ ಮೊದಲೇ ನೋಂದಾಯಿಸಬೇಕು. ಒಂದು ಶಾಲೆಗೆ ಅಷ್ಟು ರಗಳೆ ಯಾಕೆ?

ಕೆಲವು ಹಳೇ ಬಟನ್ ಫೋನ್‌ಗಳಲ್ಲಿ ಕನ್ನಡ ಬರೀ ಚೌಕದ ಡಬ್ಬಿಗಳಾಗಿ ಕಾಣುತ್ತೆ. ನೋಟ್‌ಬುಕ್ ಮಾಡುವಾಗಲೇ ಒಂದು ಕನ್ನಡ ಎಸ್‌ಎಂಎಸ್ ಕಳಿಸಿ ನೋಡಿ, ಡಬ್ಬಿ ಬಂದವರನ್ನ ಕರೆ ಮಾಡೋ ಗುಂಪಿಗೆ ಸೇರಿಸಿ.

—

ಎಸ್‌ಡಿಎಂಸಿ_ತಾಯಿ:

ಪೋಷಕರ ಕಡೆಯಿಂದ ಸ್ವಲ್ಪ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಗ್ರೂಪ್‌ನಲ್ಲಿ 'ಈ ಕೆಳಕಂಡ ಮಕ್ಕಳು ಜಾತಿ ಪ್ರಮಾಣಪತ್ರ ಕೊಟ್ಟಿಲ್ಲ' ಅಂತ ಹೆಸರಿನ ಪಟ್ಟಿ ಹಾಕ್ತಾರಲ್ಲ, ಅದನ್ನ ದಯವಿಟ್ಟು ನಿಲ್ಲಿಸಿ. ಯಾರ ಜಾತಿ ಏನು, ಯಾರ ಆದಾಯ ಎಷ್ಟು ಅಂತ ಊರಿಗೆಲ್ಲಾ ಸಾರಿದ ಹಾಗಾಗುತ್ತೆ. ಆಧಾರ್ ಕಾರ್ಡಿನ ಫೋಟೋ ಗ್ರೂಪಿಗೇ ಹಾಕಿ ಅನ್ನೋದಂತೂ ಬೇಡವೇ ಬೇಡ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರೊಳಗಿನ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ಕಾಯ್ದೆ ಬಿಡಿ, ಮರ್ಯಾದೆ ಪ್ರಶ್ನೆ. ಪಟ್ಟಿ ನಿಮ್ಮ ನೋಟ್‌ಬುಕ್‌ನಲ್ಲಿರಲಿ, ಒಬ್ಬೊಬ್ಬರಿಗೆ ಫೋನ್ ಮಾಡಿ.

ಸ್ಕಾಲರ್‌ಶಿಪ್‌ಗೆ ದಾಖಲೆ ತಡ ಆಗೋದು ಸೋಮಾರಿತನದಿಂದ ಅಲ್ಲ. 'ದಾಖಲೆ ತನ್ನಿ' ಅಂದರೆ ಯಾವುದು ಅಂತ ಗೊತ್ತಾಗಲ್ಲ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹೇಳಿದರೆ ಮೊದಲೇ ಸರಿಮಾಡ್ತೀವಿ: ಆಧಾರ್‌ನಲ್ಲಿರೋ ಹೆಸರಿನ ಕಾಗುಣಿತಕ್ಕೂ ಎಸ್‌ಎಟಿಎಸ್‌ನಲ್ಲಿರೋದಕ್ಕೂ ತಾಳೆ ಆಗದಿರೋದು, ಆದಾಯ ಪತ್ರದ ಅವಧಿ ಮುಗಿದಿರೋದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರೋದು. ನಾಡಕಚೇರಿಗೆ ಒಂದು ದಿನ, ಬ್ಯಾಂಕಿಗೆ ಒಂದು ದಿನ ಅಂದರೆ ಎರಡು ದಿನದ ಕೂಲಿ ಹೋಯ್ತು. ಜಾತಿ, ಆದಾಯ ಪತ್ರದ ಮೇಲಿರೋ ಆರ್‌ಡಿ ನಂಬರನ್ನ (ಪತ್ರದ ಗುರುತಿನ ಸಂಖ್ಯೆ) ಜೂನ್‌ನಲ್ಲೇ ಬರೆದುಕೊಳ್ಳಿ, ಅವಧಿ ಯಾವಾಗ ಮುಗಿಯುತ್ತೆ ಅಂತಲೂ ನಿಮಗೇ ಗೊತ್ತಾಗುತ್ತೆ. ಪೋರ್ಟಲ್ ತೆರೆದ ಮೇಲೆ ಕೇಳೋದು ತಡ.

ಇನ್ನೊಂದು, ಸಮಿತಿಯನ್ನ ಉಪಯೋಗಿಸಿಕೊಳ್ಳಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು. ಪ್ರತಿ ಲೈನ್‌ಗೆ, ಪ್ರತಿ ಕೇರಿಗೆ ಒಬ್ಬ ಸದಸ್ಯೆ ಹತ್ತು ಮನೆ ನೋಡಿಕೊಂಡರೆ ಬಟನ್ ಫೋನಿನವರಿಗೂ ಬಾಗಿಲಲ್ಲಿ ನಿಂತು ಹೇಳಬಹುದು. ಸಹಿ ಹಾಕೋಕೆ ಮಾತ್ರ ಕರೀಬೇಡಿ ನಮ್ಮನ್ನ.

ಶಾಲೆಯಿಂದ ಫೋನ್ ಬಂತು ಅಂದರೆ ಏನೋ ಕೇಳ್ತಾರೆ, ಇಲ್ಲಾ ಬೈತಾರೆ ಅಂತ ನಮ್ಮ ಜನ ಎತ್ತೋದೇ ಇಲ್ಲ. ಅಪರೂಪಕ್ಕಾದ್ರೂ 'ನಿಮ್ಮ ಮಗಳು ಇವತ್ತು ಮಗ್ಗಿ ಪೂರ್ತಿ ಒಪ್ಪಿಸಿದಳು' ಅನ್ನೋಕೆ ಫೋನ್ ಮಾಡಿ ನೋಡಿ.

—

ತೋಟದೂರಿನ_ಎಚ್‌ಎಂ:

ಎಲ್ಲರಿಗೂ ಧನ್ಯವಾದ. ನೋಟ್‌ಬುಕ್ ಮತ್ತು ಬುಧವಾರದ ಚೀಟಿಯಿಂದ ಶುರು ಮಾಡ್ತೀವಿ. ಮಸ್ಟರ್ ವಿಷಯ ಹೊಳೆದೇ ಇರಲಿಲ್ಲ. ಒಂದು ಉಳೀತು: ಅಸ್ಸಾಂನಿಂದ ಬಂದವರಿಗೆ ಕನ್ನಡ ಚೀಟಿ ಪ್ರಯೋಜನ ಇಲ್ಲ. ಅವರ ಭಾಷೆಗೆ ಫೋನಲ್ಲಿ ಅನುವಾದ ಮಾಡಿ ಕಳಿಸಬಹುದಾ?

—

ಚೀಟಿ_ಟೀಚರ್:

ಮೊದಲು ಅವರ ಮನೆಮಾತು ಯಾವುದು ಅಂತ ಕೇಳಿ ಸರ್. ಅಸ್ಸಾಂ ಅಂದ ಕೂಡಲೇ ಅಸ್ಸಾಮಿ ಅಲ್ಲ, ಬಂಗಾಳಿ, ಬೋಡೊ, ಸಾದ್ರಿ ಆಡೋರೂ ಇರ್ತಾರೆ. ಫೋನಿನ ಅನುವಾದ ತಪ್ಪಾದರೆ ಹಿಡಿಯೋಕೆ ನಿಮಗೂ ಬರಲ್ಲ, ನಮಗೂ ಬರಲ್ಲ. ಮಾತ್ರೆ, ದಿನಾಂಕದಂಥ ವಿಷಯದಲ್ಲಿ ಆ ಅಪಾಯ ಬೇಡ. ಲೈನ್‌ನಲ್ಲಿ ಹಿಂದಿ ತಿಳಿದವರೊಬ್ಬರು ಇದ್ದೇ ಇರ್ತಾರೆ, ನಿಮ್ಮಲ್ಲಿ ಹಿಂದಿ ಬರೋ ಶಿಕ್ಷಕರು ಅವರಿಗೆ ಹೇಳಲಿ, ಅವರ ಬಾಯಲ್ಲೇ ಅವರ ಭಾಷೆಯ ವಾಯ್ಸ್ ಮೆಸೇಜ್ ಮಾಡಿಸಿಕೊಳ್ಳಿ. ಮಾಡಿದ ಮೇಲೆ 'ಈಗ ಏನು ಹೇಳಿದಿರಿ' ಅಂತ ಹಿಂದಿಯಲ್ಲಿ ವಾಪಸ್ ಕೇಳಿ, ದಿನಾಂಕ ಸರಿ ಇದೆಯಾ ನೋಡಿ, ಆಮೇಲೆ ಕಳಿಸಿ.

ಮಗುವನ್ನೇ ದುಭಾಷಿ ಮಾಡಬೇಡಿ. ಸ್ಲೇಟು ತನ್ನಿ, ರಜೆ ಇದೆ ಅನ್ನೋ ಸಣ್ಣ ವಿಷಯಕ್ಕೆ ಪರವಾಗಿಲ್ಲ. ತನ್ನ ಬಗ್ಗೆ ಟೀಚರ್ ಹೇಳಿದ ದೂರನ್ನ ತಾನೇ ಅನುವಾದ ಮಾಡೋ ಮಗು ಏನು ಹೇಳುತ್ತೆ ಅಂತ ನಿಮಗೇ ಗೊತ್ತು.

ತಮಿಳಿನವರ ಮನೆಯಲ್ಲಿ ಹಿರಿಯರಿಗೆ ಓದೋಕೆ ಬರದಿದ್ದರೂ ಮಕ್ಕಳು ಕನ್ನಡ ಓದ್ತಾರೆ, ಅಲ್ಲಿ ಕನ್ನಡ ಚೀಟಿಯೇ ನಡೆಯುತ್ತೆ. ಗಡಿಯಾರದ ಚಿತ್ರ, ಮಾತ್ರೆಯ ಚಿತ್ರ, ಕೊಡೆಯ ಚಿತ್ರ ಇಷ್ಟನ್ನ ಒಂದು ಮೂಲೆಯಲ್ಲಿ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿ. ಕೊಡೆ ಅಂದರೆ ಮಳೆ ರಜೆ ಅಂತ ಜೂನ್ ಸಭೆಯಲ್ಲಿ ಒಮ್ಮೆ ತೋರಿಸಿದರೆ ಸಾಕು.